ಅಡಕತ್ತರಿಯಲ್ಲದ ಅಡಕತ್ತರಿ: ಸೀಸದ ಗುಂಡು, ಅದರ ಅಚ್ಚು ಮತ್ತು ಮನೆಯ ಒಲೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾತಾಡಿದ್ದರ ಲಿಖಿತ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ, ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಧ್ವನಿ ಸರಿಯಾಗಿ ಕೇಳಸ್ತಾ ಇದೆ ಅಂದ್ಕೋತೀನಿ. ನಾನು ಗಡಹಿಂಗ್ಲಜದಿಂದ ಮಾತಾಡ್ತಿದ್ದೀನಿ, ಇಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡ್ತದೆ, ಕ್ಷಮಿಸಬೇಕು.

ಈಗ ಕ್ಯಾಮೆರಾ ಮುಂದೆ ಹಿಡಿದಿರೋ ವಸ್ತು ನೋಡ್ರಿ. ಎರಡು ಹಿಡಿಕೆ, ನಡುವೆ ಒಂದು ಕೀಲು, ತುದಿಗೆ ಎರಡು ಗಟ್ಟಿ ಕಬ್ಬಿಣದ ತುಂಡು. ನಮ್ಮ ಮನೆಯಲ್ಲಿ ಇದು ವರ್ಷಾನುಗಟ್ಟಲೆ ಎಲೆಅಡಿಕೆ ತಟ್ಟೆಯ ಪಕ್ಕದ ಗೂಡಿನಲ್ಲಿತ್ತು. ಕೆಟ್ಟುಹೋದ ಅಡಕತ್ತರಿ ಅಂತ ನಮ್ಮ ಆಯಿ ಹೇಳ್ತಿದ್ರು. ಆದರೆ ಇದಕ್ಕೆ ಅಲಗು ಇಲ್ಲ. ಬಿಚ್ಚಿದರೆ ಎರಡೂ ತುಂಡಿನ ಒಳಗೆ ಅರ್ಧರ್ಧ ಗೋಲದ ಗುಳಿ, ಮೇಲೆ ಸಣ್ಣದೊಂದು ತೂತು. ಇದು ಬಂದೂಕಿನ ಗುಂಡು ಎರೆಯುವ ಅಚ್ಚು. ಬಂದೂಕು ಮಾತ್ರ ಮನೆಯಲ್ಲಿ ಇಲ್ಲ, ಇದ್ದದ್ದು ಯಾರಿಗೂ ನೆನಪಿಲ್ಲ.

ಹಳೆಯ ಬಂದೂಕಿನ ಬಗ್ಗೆ ಓದುವಾಗ ನಾವು ನಳಿಗೆ ನೋಡ್ತೀವಿ, ಕುದುರೆ ನೋಡ್ತೀವಿ, ಹಿಡಿಯ ಮೇಲಿನ ಕೆತ್ತನೆ ನೋಡ್ತೀವಿ. ಗುಂಡು ಎಲ್ಲಿಂದ ಬರ್ತಿತ್ತು ಅನ್ನೋ ಪ್ರಶ್ನೆ ಕೇಳೋದೇ ಇಲ್ಲ. ಇವತ್ತಿನ ನನ್ನ ವಾದ ಆ ಪ್ರಶ್ನೆಯ ಸುತ್ತಲೇ ಇದೆ: ಜನರ ಕೈಯಿಂದ ಆಯುಧ ಹೋದದ್ದು ಬಂದೂಕು ಕಸಿದುಕೊಂಡಾಗ ಮಾತ್ರ ಅಲ್ಲ, ಗುಂಡು ಮನೆಯ ಒಲೆ ಬಿಟ್ಟು ಕಾರ್ಖಾನೆಗೆ ಹೋದಾಗಲೂ ಹೋಯಿತು.

ಮೊದಲು ಸೀಸದ ಗುಣ ಸ್ವಲ್ಪ ನೋಡೋಣ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಬ್ಬಿಣ ಕರಗಿಸೋಕೆ 1500 ಡಿಗ್ರಿ ದಾಟಬೇಕು, ಅಂದರೆ ಕುಲುಮೆ ಬೇಕು, ತಿದಿ ಬೇಕು, ಜನ ಬೇಕು. ಸೀಸಕ್ಕೆ ಅಡುಗೆಯ ಒಲೆ ಸಾಕು, ಒಂದು ಕಬ್ಬಿಣದ ಸೌಟು ಸಾಕು. ಜೊತೆಗೆ ಅದು ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ಭಾರ, ಮತ್ತು ಮೆತ್ತಗೆ, ಉಗುರಿನಲ್ಲಿ ಗೀರಿದರೆ ಗುರುತು ಬೀಳುತ್ತದೆ. ಭಾರ ಇರೋದರಿಂದ ದೂರ ಹೋಗುತ್ತದೆ, ಮೆತ್ತಗಿರೋದರಿಂದ ನಳಿಗೆಯನ್ನು ಕೆಡಿಸೋದಿಲ್ಲ.

ಕರಗಿದ ಸೀಸ ಆರುವಾಗ ಕುಗ್ಗುತ್ತದೆ. ಹಾಗಾಗಿ ಅಚ್ಚಿನ ತೂತಿನ ಮೇಲೆ ಸ್ವಲ್ಪ ಹೆಚ್ಚೇ ಸೀಸ ನಿಲ್ಲಬೇಕು, ಒಳಗೆ ಕುಗ್ಗಿದಷ್ಟನ್ನು ಅದು ತುಂಬಿಕೊಡುತ್ತದೆ. ಶಿರೋಲಿಯ ಫೌಂಡ್ರಿಯಲ್ಲಿ ಕೆಲಸ ಮಾಡುವ ಗೆಳೆಯನಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟ. "ಅದು ರೈಸರ್ ಅಲ್ಲೇನೋ, ನಾವು ದಿನಾ ಮಾಡೋದು ಅದೇ" ಅಂದ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈಮೇಲೆ ಸುಕ್ಕು ಬೀಳುತ್ತದೆ, ಒಳಗೆ ಗಾಳಿ ಉಳಿದರೆ ಗುಂಡು ಹಗುರಾಗಿ ದಾರಿ ತಪ್ಪುತ್ತದೆ. ಆಮೇಲೆ ಬಾಲದ ಹಾಗೆ ಉಳಿದ ತುಣುಕನ್ನು ಕತ್ತರಿಸಬೇಕು. ಕೆಲವು ಅಚ್ಚುಗಳ ಹಿಡಿಕೆಯ ಬುಡದಲ್ಲೇ ಅದಕ್ಕೊಂದು ಕತ್ತರಿ ಇರುತ್ತದೆ. ನಮ್ಮ ಆಯಿ ಅಡಕತ್ತರಿ ಅಂದದ್ದು ಪೂರ್ತಿ ತಪ್ಪಲ್ಲ, ನೋಡ್ರಿ.

ಗುಂಡಿನ ಅಳತೆಗೂ ನಳಿಗೆಯ ಅಳತೆಗೂ ಇರುವ ಸಂಬಂಧ ಇಲ್ಲಿ ಮುಖ್ಯ. ಇವತ್ತಿಗೂ 'ಹನ್ನೆರಡು ಬೋರ್' ಅಂತೀವಲ್ಲ, ಅದು ಇಂಚಿನ ಲೆಕ್ಕ ಅಲ್ಲ. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದು ಗುಂಡು ಎಷ್ಟು ದಪ್ಪವೋ ನಳಿಗೆಯೂ ಅಷ್ಟು ಅಗಲ ಅಂತ ಅರ್ಥ. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳ 'ಬ್ರೌನ್ ಬೆಸ್' ಜಾತಿಯ ಬಂದೂಕಿನ ನಳಿಗೆ ಸುಮಾರು 19 ಮಿಲಿಮೀಟರ್, ಗುಂಡು ಸುಮಾರು 17.5. ಒಂದೂವರೆ ಮಿಲಿಮೀಟರ್ ಸಡಿಲು ಬೇಕೂಂತಲೇ ಬಿಟ್ಟದ್ದು. ನಾಕಾರು ಸಲ ಹಾರಿಸಿದ ಮೇಲೆ ಮದ್ದಿನ ಮಸಿ ಕಟ್ಟಿ ನಳಿಗೆ ಇರುಕಾಗುತ್ತದೆ. ಗುಂಡು ಬಿಗಿಯಾಗಿದ್ದರೆ ಕೆಳಗೆ ಇಳಿಯೋದೇ ಇಲ್ಲ. ಸಡಿಲು ಬಿಟ್ಟದ್ದಕ್ಕೆ ತೆತ್ತ ಬೆಲೆ ಗುರಿ: ನೂರು ಗಜದಾಚೆ ಒಬ್ಬ ಮನುಷ್ಯನಿಗೆ ತಾಗಿದರೆ ಅದು ಅದೃಷ್ಟ.

ಕಂಪನಿಯ ಬಂದೂಕುಗಳು ಒಂದೇ ಅಳತೆಯವು. ನಮ್ಮ ಕಡೆಯ ಬತ್ತಿಯ ಬಂದೂಕುಗಳು ಹಾಗಲ್ಲ, ಒಬ್ಬೊಬ್ಬ ಕಮ್ಮಾರನದು ಒಂದೊಂದು ಅಳತೆ. ಹಾಗಾಗಿ ಬಂದೂಕಿಗೊಂದು ಅಚ್ಚು ಬೇಕೇ ಬೇಕು. ಈ ಅಚ್ಚಿನ ಗುಳಿಯನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದೆ, 15 ಮಿಲಿಮೀಟರ್ ಬಂತು. ಲೆಕ್ಕ ಹಾಕಿದರೆ ಗುಂಡು 20 ಗ್ರಾಂ, ಅಂದರೆ ಒಂದೂಮುಕ್ಕಾಲು ತೊಲಕ್ಕೆ ಸ್ವಲ್ಪ ಕಡಿಮೆ. ನಳಿಗೆ ಅದಕ್ಕಿಂತ ಒಂಚೂರು ದೊಡ್ಡದಿತ್ತು. ಇಲ್ಲದ ಬಂದೂಕಿನ ಬಗ್ಗೆ ನನಗೆ ಗೊತ್ತಿರೋದು ಇಷ್ಟೇ, ಅದನ್ನೂ ಹೇಳಿದ್ದು ಈ ಅಚ್ಚು.

ಗಡಹಿಂಗ್ಲಜದಲ್ಲಿ ಕೂತು ಈ ವಿಷಯ ಮಾತಾಡಿದರೆ ಸಾಮಾನಗಡ ಬಿಟ್ಟು ಮಾತಾಡೋಕಾಗೋದಿಲ್ಲ. ಕೊಲ್ಲಾಪುರ ಸಂಸ್ಥಾನದ ಕೋಟೆಗಳನ್ನು ಕಾಯುತ್ತಿದ್ದವರು ಗಡಕರಿಗಳು. ಅವರದು ವಂಶಪಾರಂಪರ್ಯದ ಚಾಕರಿ, ಅದಕ್ಕೆ ಇನಾಮು ಭೂಮಿ. ದಾಜಿ ಕೃಷ್ಣ ಪಂಡಿತನ ಆಡಳಿತ ಆ ಭೂಮಿಯ ಉಸ್ತುವಾರಿಯನ್ನು ಮಾಮಲೇದಾರರ ಕೈಗೆ ಕೊಡೋಕೆ ಹೊರಟಾಗ, 1844ರಲ್ಲಿ ಸಾಮಾನಗಡದ ಗಡಕರಿಗಳು ಬಾಗಿಲು ಹಾಕಿಕೊಂಡು ಕೂತರು. ಭುದರಗಡವೂ ಎದ್ದಿತು. ಬೆಳಗಾವಿಯಿಂದ ಪಡೆ ಬಂತು, ಅಕ್ಟೋಬರ್ 13ಕ್ಕೆ ಸಾಮಾನಗಡ ಬಿತ್ತು, ಡಿಸೆಂಬರ್‌ನಲ್ಲಿ ಪನ್ಹಾಳ. ಆಮೇಲೆ ಕೋಟೆಗಳನ್ನು ಕೆಡವಿ, ಗಡಕರಿ ಪದ್ಧತಿಯನ್ನೇ ರದ್ದು ಮಾಡಿದರು.

ನಮ್ಮ ಮನೆತನದವರು ಗಡಕರಿಗಳಾಗಿದ್ದರು ಅಂತ ನಾನು ಹೇಳ್ತಾ ಇಲ್ಲ. ಅದಕ್ಕೆ ಒಂದು ಕಾಗದವೂ ಇಲ್ಲ, ಮೋಡಿ ಲಿಪಿಯಲ್ಲೂ ಇಲ್ಲ. ಆದರೆ ಹೀಗೆ ಬಾಗಿಲು ಹಾಕಿಕೊಂಡು ಕೂತವರಿಗೆ ಧಾನ್ಯ, ನೀರು, ಮದ್ದಿನ ಜೊತೆ ಸೀಸವೂ ಬೇಕು. ಗುಂಡಿಗಾಗಿ ಯಾವ ಡಿಪೋಕ್ಕೂ ಅರ್ಜಿ ಹಾಕಬೇಕಾಗಿರಲಿಲ್ಲ, ಸೀಸ ಮತ್ತು ಅಚ್ಚು ಇದ್ದರೆ ರಾತ್ರಿ ಒಲೆಯ ಮುಂದೆ ನಾಳೆಯ ಗುಂಡು ತಯಾರು.

ಹದಿಮೂರು ವರ್ಷದ ಮೇಲೆ, 1857ರಲ್ಲಿ, ಆಯುಧ ಕಾಯ್ದೆ ಬಂತು. ಅದೇ ವರ್ಷ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಒಪ್ಪಿಸೋದಿಲ್ಲ ಅಂತ ನಿಂತದ್ದು ನಮಗೆಲ್ಲ ಗೊತ್ತೇ ಇದೆ, ಲಾವಣಿ ಕೇಳಿಯೇ ಬೆಳೆದವರು ನಾವು. ಕಾಯ್ದೆ ಆಯುಧ ಇಟ್ಟುಕೊಳ್ಳೋದನ್ನಷ್ಟೇ ಅಲ್ಲ, ಆಯುಧ ಮತ್ತು ಮದ್ದುಗುಂಡಿನ ತಯಾರಿಕೆ, ಮಾರಾಟವನ್ನೂ ಹಿಡಿತಕ್ಕೆ ತಂದಿತು ಅನ್ನೋ ಮಾತು ಮಾತ್ರ ಹೆಚ್ಚು ಚರ್ಚೆಗೆ ಬರೋದಿಲ್ಲ.

ಕಾಯ್ದೆಗಿಂತ ಮೆಲ್ಲಗೆ, ಆದರೆ ಗಟ್ಟಿಯಾಗಿ ಕೆಲಸ ಮಾಡಿದ್ದು ಗುಂಡಿನ ಆಕಾರ. 1849ರಲ್ಲಿ ಫ್ರಾನ್ಸಿನ ಮಿನಿಯೇ ರೂಪಿಸಿದ ಗುಂಡು ಉರುಟಲ್ಲ, ಉದ್ದ, ಬುಡದಲ್ಲಿ ಟೊಳ್ಳು. ಸಡಿಲಾಗಿ ಇಳಿಯುತ್ತದೆ, ಮದ್ದು ಹೊತ್ತಿದಾಗ ಬುಡ ಅರಳಿ ನಳಿಗೆಯ ಒಳಗಿನ ಸುರುಳಿ ಗೆರೆಗಳನ್ನು ಕಚ್ಚಿಕೊಳ್ಳುತ್ತದೆ. ಸಡಿಲಿಗೆ ಗುರಿಯನ್ನು ತೆರುವ ಹಳೆಯ ಲೆಕ್ಕ ಅಲ್ಲಿಗೆ ಮುಗೀತು. 1853ರ ಎನ್‌ಫೀಲ್ಡ್ ಇದೇ ತತ್ವದ್ದು. ಅದರ ತೋಟೆಯ ಕೊಬ್ಬಿನ ಕಥೆ ಶಾಲೆಯ ಪುಸ್ತಕದಲ್ಲಿದೆ, ಇಲ್ಲಿ ಬೇಡ. ಆದರೆ ಆ ಗುಂಡಿಗೆ ಶುದ್ಧ ಮೆತ್ತನೆ ಸೀಸ ಬೇಕು, ಗೋಡೆ ಎಲ್ಲಾ ಕಡೆ ಒಂದೇ ದಪ್ಪ ಇರಬೇಕು, ಕಾಗದದ ತೋಟೆ ಅಳತೆಗೆ ಕೂರಬೇಕು. ಬ್ರಿಟಿಷರು ಅದನ್ನು ಸೀಸದ ಸರಳಿನಿಂದ ಯಂತ್ರದಲ್ಲಿ ಒತ್ತಿ ಮಾಡಿದರು. 1871ರ ಮಾರ್ಟಿನಿ-ಹೆನ್ರಿ ಹೊತ್ತಿಗೆ ಗುಂಡಿನಲ್ಲಿ ಹನ್ನೆರಡು ಪಾಲು ಸೀಸಕ್ಕೆ ಒಂದು ಪಾಲು ತವರ, ಅಂದರೆ ಕಲಾಯಿಯವರು ಪಾತ್ರೆಗೆ ಹಚ್ಚೋ ಅದೇ ಲೋಹ. ಹಿತ್ತಾಳೆಯ ತೋಟೆ, ಅದರ ಬುಡದಲ್ಲಿ ಸಿಡಿಯುವ ಕ್ಯಾಪು. ಸೀಸ ಮನೆಯಲ್ಲಿ ಎರೆಯಬಹುದು, ಕ್ಯಾಪು ಎಲ್ಲಿಂದ ತರ್ತೀರಿ? 1857ರ ನಂತರ ಭಾರತೀಯ ಸಿಪಾಯಿಗಳಿಗೆಂದೇ ಸುರುಳಿ ಗೆರೆ ಇಲ್ಲದ, ನುಣುಪು ನಳಿಗೆಯ ಎನ್‌ಫೀಲ್ಡ್ ಮಾಡಿಸಿದರು. ಯಾರ ಕೈಯಲ್ಲಿ ಯಾವ ಗುಂಡು ಇರಬೇಕು ಅನ್ನೋದು ಆಗ ಆಡಳಿತದ ತೀರ್ಮಾನವೇ ಆಗಿತ್ತು.

ಈ ಅಚ್ಚಿನಲ್ಲಿ ಗುಂಡು ಎರೆದು ನೋಡಿದೆಯಾ ಅಂತ ಚಾಟ್‌ನಲ್ಲಿ ಇಬ್ಬರು ಕೇಳಿದ್ದಾರೆ. ಇಲ್ಲ. ಹೊರದೇಶದಲ್ಲಿ ಹಳೆಯ ಮಿಲಿಟರಿ ಬಂದೂಕಿಗೆ ಗುಂಡು ಎರೆಯೋದು ಹವ್ಯಾಸ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕು, ಮತ್ತು 'ಮದ್ದುಗುಂಡು' ಅನ್ನೋ ಪದದ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳೂ ತಯಾರಿಸುವ ಯಂತ್ರಸಾಮಗ್ರಿಯೂ ಬರುತ್ತವೆ. ರಿಪೇರಿ ಮಾಡಿದರೂ ಬಂದೂಕಾಗಿ ಬಳಸೋಕಾಗದ ಪುರಾತನ ಆಯುಧಗಳಿಗೆ ಅದೇ ಕಾಯ್ದೆ ವಿನಾಯಿತಿ ಕೊಡುತ್ತದೆ. ಮೇಲಾಗಿ ಸೀಸ ವಿಷ. ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿರುವ ಮನೆಯ ಒಲೆಯ ಮೇಲಂತೂ ಬೇಡವೇ ಬೇಡ. ನಾನು ಮಾಡಿದ್ದು ಇಷ್ಟು: ಜೇನುಮೇಣ ಕರಗಿಸಿ ಹೊಯ್ದೆ. ಮೇಣವೂ ಕುಗ್ಗುತ್ತದೆ, ಅಳತೆಗೆ ನಂಬೋಕಾಗೋದಿಲ್ಲ. ಆದರೆ ಎರಡು ಅರ್ಧ ಕೂಡುವ ಗೆರೆ, ತೂತಿನ ಬಾಯಿ, ಒಳಗಿನ ಗೀರು ಎಲ್ಲ ಸ್ಪಷ್ಟ ಮೂಡಿತು.

ಆ ಗೀರಿನ ವಿಷಯದಲ್ಲಿ ನಾನು ಮೋಸಹೋದೆ. ತೂತಿನ ಬಾಯಲ್ಲಿ ಎರಡು ಸಣ್ಣ ಸಮಾನಾಂತರ ಗೆರೆ ಇವೆ. ಕಮ್ಮಾರನ ಗುರುತು ಅಂತ ಈ ಪ್ರಬಂಧದ ಮೊದಲ ಕರಡಿನಲ್ಲಿ ಒಂದು ಪುಟ ಬರೆದಿದ್ದೆ. ಸಂಕಿರಣದ ಹಿಂದಿನ ವಾರ ಅತ್ತಿಗೆ, ಅಂದರೆ ಅಪ್ಪನ ಅಕ್ಕನಿಗೆ, ಫೋಟೋ ತೋರಿಸಿದೆ. "ಇದು ನಿಮ್ಮ ಮುತ್ಯಾನ ಗಾಳದ್ದಲ್ಲೇನೋ" ಅಂದ್ರು. ಮುತ್ಯಾ ಹಿರಣ್ಯಕೇಶಿಯಲ್ಲಿ ಮೀನು ಹಿಡಿಯೋಕೆ ಹೋಗ್ತಿದ್ರಂತೆ. ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡನ್ನು ಇದರಲ್ಲೇ ಎರೀತಿದ್ರು. ಸೀಸ ಆರುವ ಮೊದಲು ತೂತಿನಲ್ಲಿ ತಂತಿಯ ಕುಣಿಕೆ ಸಿಕ್ಕಿಸ್ತಿದ್ರು. ಆ ಎರಡು ಗೆರೆ ತಂತಿ ಕೊರೆದದ್ದು.

ಪ್ರಶ್ನೋತ್ತರದಲ್ಲಿ ಮೇಡಂ ಒಬ್ಬರು, ಮುತ್ಯಾ ಅವರಿಗೆ ಇದು ಬಂದೂಕಿನದು ಅಂತ ಗೊತ್ತಿತ್ತಾ ಅಂತ ಕೇಳಿದರು. ಅದನ್ನೇ ಅತ್ತಿಗೂ ಕೇಳಿದ್ದೆ. ಅವರಿಗೆ ನೆನಪಿದ್ದದ್ದು ಬೇರೆ. ಒಂದು ಮಳೆಗಾಲ ಅಚ್ಚಿನೊಳಗೆ ನೀರಿನ ಪಸೆ ಇದ್ದದ್ದು ನೋಡದೆ ಹೊಯ್ದರಂತೆ. ಸೀಸ ಸಿಡಿದು ಎಡಗೈ ಹೆಬ್ಬೆರಳಿನ ಬುಡ ಸುಟ್ಟಿತು. ಅವತ್ತೇ ಆಯಿ ಇದನ್ನು ಕಸಿದುಕೊಂಡು ಎಲೆಅಡಿಕೆಯ ಗೂಡಿನಲ್ಲಿ ಇಟ್ಟದ್ದು.