ಕೀರ್ದಿ ಪುಸ್ತಕವೂ ಕಿಸೆಯ ಮೊಬೈಲೂ

ಜಮಾ, ಖರ್ಚು, ಬಾಕಿ, ವಸೂಲಿ: ನಮ್ಮ ಭಾಗದ ಮನೆಗಳಲ್ಲಿ ಹಗಲಿರುಳು ಕೇಳಿಬರುವ ಈ ಮಾತುಗಳನ್ನು ಯಾರೂ ಪರಭಾಷೆಯವೆಂದು ಬಗೆಯುವುದಿಲ್ಲ. ಅರಬ್ಬಿ, ಪಾರಸಿ ಮೂಲದ ಈ ಶಬ್ದಗಳು ಸುಲ್ತಾನರ ದಫ್ತರಗಳ ಕಾಲದಿಂದ ನಮ್ಮ ನುಡಿಯಲ್ಲಿ ಬೇರೂರಿವೆ. 1534ರಿಂದ 1558ರವರೆಗೆ ಆಳಿದ ಮೊದಲನೆಯ ಇಬ್ರಾಹಿಂ ಆದಿಲಶಹನು ರಾಜ್ಯದ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ತಿರುಗಿಸಿದನೆಂದು, ಮುಂದೆ ವಿಜಾಪುರದಲ್ಲಿಯೇ ಕುಳಿತು ಇತಿಹಾಸ ಬರೆದ ಫೆರಿಸ್ತಾ ಹೇಳುತ್ತಾನೆ. ಅರಸನ ಉದ್ದೇಶವೇನೇ ಇರಲಿ, ಅದರಲ್ಲಿ ಒಂದು ತತ್ತ್ವವಿದೆ: ಲೆಕ್ಕವೆಂಬುದು ಅದಕ್ಕೆ ಸಂಬಂಧಪಟ್ಟವರು ಓದಿ ತಿಳಿಯುವಂತಿರಬೇಕು. ಇಂದು ನಮ್ಮ ಲೆಕ್ಕ ಕೆಂಪು ಬಟ್ಟೆಯ ಕೀರ್ದಿಯನ್ನು ಬಿಟ್ಟು ಕಿಸೆಯ ಮೊಬೈಲಿಗೆ ಬಂದಿರುವಾಗ ಈ ತತ್ತ್ವವನ್ನೇ ಒರೆಗಲ್ಲಾಗಿ ಹಿಡಿದು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ನನ್ನೂರು ಬಬಲೇಶ್ವರ ತಾಲೂಕಿನ ಕಾಖಂಡಕಿ. ಸಾಹಿತ್ಯಾಸಕ್ತರಿಗೆ ಅದು ಮಹೀಪತಿದಾಸರ ಊರು. ಆದಿಲಶಾಹಿ ಆಸ್ಥಾನದಲ್ಲಿ ಅಧಿಕಾರದಲ್ಲಿದ್ದು, ಅದನ್ನು ತೊರೆದು ಅವರು ಹರಿದಾಸರಾದರೆಂಬುದು ಸಂಪ್ರದಾಯ. ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಅರಮನೆಯ ವ್ಯವಹಾರ ಬಲ್ಲವರೇ ನಮ್ಮಲ್ಲಿ ಹೊನ್ನಿನ ಹಂಗನ್ನು ಮೀರಿದರು. ಲೆಕ್ಕ ಬಲ್ಲವನು ಅದನ್ನು ಮೀರಬಲ್ಲ; ಲೆಕ್ಕವಿಡದವನು ಮೀರುವುದಿಲ್ಲ, ಮುಳುಗುತ್ತಾನೆ. ಆದುದರಿಂದ ಸಾಹಿತ್ಯದ ಮನುಷ್ಯನಿಗೆ ಹಣದ ಮಾತು ಏಕೆಂದು ತಾವು ಕೇಳಲಾರಿರಿ.

ನಗದು ಹಣಕ್ಕೆ ಒಂದು ಗುಣವಿತ್ತು. ಕೈಯಿಂದ ಹೋಗುವಾಗ ಅದು ಮನಸ್ಸಿಗೆ ತಟ್ಟುತ್ತಿತ್ತು. 2016ರಲ್ಲಿ ಯುಪಿಐ ಬಂದಮೇಲೆ ಚಹದ 10 ರೂಪಾಯಿಯೂ ಆಸ್ಪತ್ರೆಯ 10,000 ರೂಪಾಯಿಯೂ ಒಂದೇ ಬೆರಳಾಟದಲ್ಲಿ ಹೋಗುತ್ತವೆ. ಹೋದದ್ದು ನೆನಪಿನಲ್ಲಿ ಉಳಿಯದಿದ್ದರೂ ಬ್ಯಾಂಕಿನ ದಾಖಲೆಯಲ್ಲಿ ಉಳಿಯುತ್ತದೆ. ಆ ದಾಖಲೆಗಳನ್ನು ಒಟ್ಟುಗೂಡಿಸಿ, ಕಿರಾಣಿ, ಔಷಧ, ಪ್ರಯಾಣ ಎಂದು ವಿಂಗಡಿಸಿ ತೋರಿಸುವುದೇ ಈ ಹೊಸ ಸಾಧನಗಳ ಕೆಲಸ.

ಇವುಗಳಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ಖರ್ಚನ್ನು ನಾವೇ ಬರೆಯಬೇಕು; ಅದು ಕಾಗದವಿಲ್ಲದ ಕೀರ್ದಿ, ಅಷ್ಟೆ. ಎರಡನೆಯದು ಬ್ಯಾಂಕಿನಿಂದ ಮೊಬೈಲಿಗೆ ಬರುವ ಸಂದೇಶಗಳನ್ನು ಓದಿ ತಾನೇ ಬರೆದುಕೊಳ್ಳುತ್ತದೆ. ಅನುಕೂಲವೇನೋ ಹೌದು, ಆದರೆ ಸಂದೇಶಗಳನ್ನೆಲ್ಲ ಓದಲು ಅನುಮತಿ ಕೊಟ್ಟರೆ ಮನೆಯ ಟಪಾಲನ್ನೆಲ್ಲ ಪರರ ಕೈಗೆ ಒಪ್ಪಿಸಿದಂತೆ. ಮೂರನೆಯದು ಅಕೌಂಟ್ ಅಗ್ರಿಗೇಟರ್ ಎಂಬ ವ್ಯವಸ್ಥೆ. ಭಾರತೀಯ ರಿಜರ್ವ್ ಬ್ಯಾಂಕು 2016ರಲ್ಲಿ ಇದಕ್ಕೆ ನಿಯಮ ರೂಪಿಸಿತು. 2021ರ ಸೆಪ್ಟೆಂಬರಿನಲ್ಲಿ ಅದು ಸಾರ್ವಜನಿಕರ ಬಳಕೆಗೆ ಬಂದಿತು. ರಿಜರ್ವ್ ಬ್ಯಾಂಕಿನ ಪರವಾನಗಿ ಪಡೆದ ಈ ಸಂಸ್ಥೆಗಳು ಅಂಚೆಯವನಂತೆ. ಮೊಹರು ಹಾಕಿದ ಲಕೋಟೆಯನ್ನು ನಮ್ಮ ಬ್ಯಾಂಕಿನಿಂದ ಒಯ್ದು, ನಾವು ಒಪ್ಪಿದವರಿಗೆ ಮುಟ್ಟಿಸುತ್ತವೆ. ಒಡೆದು ಓದುವ ಅಧಿಕಾರ ಅವಕ್ಕಿಲ್ಲ. ಯಾವ ಖಾತೆಯ ವಿವರ, ಯಾವ ಉದ್ದೇಶಕ್ಕೆ, ಎಷ್ಟು ಕಾಲದವರೆಗೆ ಎಂಬುದನ್ನು ಒಪ್ಪಿಗೆಪತ್ರದಲ್ಲಿ ನಮೂದಿಸಿರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕು ನಮ್ಮದು. ಓದದೆ ಒಪ್ಪುವುದು ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಂತೆ.

ಇನ್ನು ಈ ಸಾಧನಗಳ ಮಿತಿ. ಇವು ಹುಟ್ಟಿದ್ದು ತಿಂಗಳ ಸಂಬಳದವರ ಲೋಕದಲ್ಲಿ. ನಮ್ಮ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರನ ಲೋಕವೇ ಬೇರೆ. ಅಕ್ಟೋಬರದ ಹೊತ್ತಿಗೆ ಚಾಟ್ನಿ. ಆಮೇಲೆ ಔಷಧ, ಗೊಬ್ಬರ, ಆಳು. ಬೇಸಿಗೆಯಲ್ಲಿ ಹಣ್ಣನ್ನು ಒಣಗಿಸಿ ಮಣೂಕ ಮಾಡಿ ಮಾರಿದಾಗ ವರುಷಕ್ಕೊಮ್ಮೆ ದುಡ್ಡು. ಉದಾಹರಣೆಗೆ, ಒಬ್ಬ ರೈತನ ಖಾತೆಗೆ ಮೇ ತಿಂಗಳಲ್ಲಿ 6,00,000 ರೂಪಾಯಿ ಬಂದಿತೆನ್ನಿ. ‘ಈ ತಿಂಗಳ ಆದಾಯ 6 ಲಕ್ಷ’ ಎಂದು ಮೊಬೈಲು ಹಸಿರು ಅಕ್ಷರದಲ್ಲಿ ಸಾರುತ್ತದೆ. ಔಷಧದ ಅಂಗಡಿಯ ಉದ್ರಿ 2,20,000 ರೂಪಾಯಿ ಅದಕ್ಕೆ ಗೊತ್ತಿಲ್ಲ. ಕೈಗಡವಾಗಿ ತಂದ 1,50,000 ರೂಪಾಯಿಯೂ ಗೊತ್ತಿಲ್ಲ. ಬರುವ ಚಾಟ್ನಿಗೆ ತೆಗೆದಿಡಬೇಕಾದ 80,000 ರೂಪಾಯಿಯಂತೂ ಗೊತ್ತೇ ಇಲ್ಲ. ಇವನ್ನು ಕಳೆದರೆ ಉಳಿಯುವುದು 1,50,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 12,500 ರೂಪಾಯಿ. ಮಗಳ ಮದುವೆಯ ಮಾತುಕತೆ ನಡೆಯುವುದೂ ಬೇಸಿಗೆಯಲ್ಲೇ ಎಂಬುದನ್ನು ನೆನೆಯಿರಿ. 6 ಲಕ್ಷವನ್ನು ಕಣ್ಣಮುಂದಿಟ್ಟುಕೊಂಡು ಮಾತು ಕೊಟ್ಟ ಮನೆ, ಮುಂದಿನ ಚಾಟ್ನಿಗೆ ಮತ್ತೆ ಬಡ್ಡಿಯ ಬಾಗಿಲಿಗೆ ಹೋಗುತ್ತದೆ. ಈ ಎರಡು ಅಂಕಿಗಳ ನಡುವಣ ಅಂತರದಲ್ಲಿ ಒಂದು ಹೊಲವೇ ಅಡವು ಬೀಳಬಹುದು.

ಪಟ್ಟಣದವರಿಗೂ ತೊಡಕುಗಳಿವೆ. ನಮ್ಮದೇ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾಕಿದ ಹಣವನ್ನು ಈ ಸಾಧನಗಳು ಕೆಲವೊಮ್ಮೆ ಖರ್ಚೆಂದು ಎಣಿಸುತ್ತವೆ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಾಗ ಒಮ್ಮೆ, ಅದರ ಬಿಲ್ಲು ತುಂಬಿದಾಗ ಮತ್ತೊಮ್ಮೆ, ಒಂದೇ ಖರ್ಚು ಎರಡಾಗಿ ಕಾಣುವುದುಂಟು. ಎಟಿಎಮ್ಮಿನಿಂದ ತೆಗೆದ 5,000 ರೂಪಾಯಿ ಏನಾಯಿತೆಂದು ಯಂತ್ರ ಅರಿಯದು. ತರಕಾರಿ ಮಾರುವ ಹೆಣ್ಣುಮಗಳಿಗೆ ಕೊಟ್ಟದ್ದು ಬರಿಯ ಒಂದು ಹೆಸರಾಗಿ ‘ಇತರೆ’ ಎಂಬ ಮೂಲೆಗೆ ಸೇರುತ್ತದೆ. ಆದಕಾರಣ ವಾರಕ್ಕೊಮ್ಮೆ ಕಾಲು ತಾಸು ಕುಳಿತು, ಮನೆಯೊಡತಿಯನ್ನೂ ಜತೆಗೆ ಕೂಡಿಸಿಕೊಂಡು, ಪಟ್ಟಿಯನ್ನು ತಿದ್ದಬೇಕು. ನಗದು, ಉದ್ರಿ, ಕೈಗಡ ಈ ಮೂರನ್ನು ಕೈಯಾರೆ ಸೇರಿಸಬೇಕು.

ವೆನಿಸಿನಲ್ಲಿ 1494ರಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಲೂಕಾ ಪಾಚೋಲಿ ವಿವರಿಸಿದ ಜಮಾ-ಖರ್ಚಿನ ಜೋಡಿ ಬರಹದ ಪದ್ಧತಿಯ ಹಿಂದಿರುವುದೂ ಇದೇ ವಿವೇಕ: ಪ್ರತಿಯೊಂದು ರೂಪಾಯಿಯೂ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬೆರಡಕ್ಕೂ ಉತ್ತರ ಕೊಡಬೇಕು.

ಎಚ್ಚರಿಕೆಯ ಮಾತು ಎರಡು. ಅಮೇರಿಕೆಯಲ್ಲಿ 2007ರಲ್ಲಿ ಆರಂಭವಾದ ಮಿಂಟ್ ಎಂಬ ಹೆಸರಾಂತ ಸಾಧನ ಅಸಂಖ್ಯ ಮನೆಗಳ ಲೆಕ್ಕವನ್ನು ಹೊತ್ತು, 2024ರ ಮಾರ್ಚಿನಲ್ಲಿ ಬಾಗಿಲು ಮುಚ್ಚಿತು. ಪರರ ಕಪಾಟಿನಲ್ಲಿಟ್ಟ ಕೀರ್ದಿಯ ಪಾಡು ಇದು. ವರ್ಷಕ್ಕೊಮ್ಮೆಯಾದರೂ, ಬಲಿಪಾಡ್ಯದಂದು ಅಂಗಡಿಕಾರರು ಹೊಸ ಪುಸ್ತಕ ಪೂಜಿಸುವ ಹೊತ್ತಿಗೆ, ನಮ್ಮ ಲೆಕ್ಕದ ಒಂದು ಪ್ರತಿಯನ್ನು ಇಳಿಸಿಕೊಂಡು ಬೇರೆಡೆ ಇಡುವುದು ಲೇಸು. ಎರಡನೆಯದು, ಪಿನ್ನು, ಪಾಸ್‌ವರ್ಡು, ಒಟಿಪಿ ಇವನ್ನು ಯಾರು ಕೇಳಿದರೂ ಹೇಳಲಾಗದು. ಹಣ ಪಡೆಯುವುದಕ್ಕೆ ಪಿನ್ನು ಬೇಕಿಲ್ಲ; ಪಡೆಯಲು ಪಿನ್ನು ಒತ್ತಿರೆಂದವನು ಕಳ್ಳನೇ ಸರಿ. ಮೋಸವಾಗಿದ್ದರೆ ನಾಚದೆ, ತಡಮಾಡದೆ, 1930 ಸಂಖ್ಯೆಗೆ ಕರೆಮಾಡಿ ತಿಳಿಸಬೇಕು, ಬ್ಯಾಂಕಿಗೂ ಹೇಳಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಂಭವ ಹೆಚ್ಚು.

ಯಂತ್ರವು ಕೂಡಿ ಕಳೆಯಬಲ್ಲದು; ಯಾವುದು ಸಾಲ, ಯಾವುದು ಋಣ ಎಂಬುದು ಅದಕ್ಕೆ ತಿಳಿಯದು. ತಂಗಿಗೆ ಕೊಟ್ಟ ಬಾಗಿನವೂ ಚಟಕ್ಕೆ ಸುರಿದ ಹಣವೂ ಅದರ ಕಣ್ಣಿಗೆ ಒಂದೇ ಬಣ್ಣದ ಗೆರೆಗಳು. ಎಲ್ಲಿ ಕೈ ಬಿಗಿಹಿಡಿಯಬೇಕು, ಎಲ್ಲಿ ಸಡಿಲಬಿಡಬೇಕು ಎಂಬ ತೀರ್ಮಾನವು ಮನೆಯವರದೇ. ಆ ತೀರ್ಮಾನವನ್ನು ಕತ್ತಲೆಯಲ್ಲಿ ಮಾಡದೆ ಬೆಳಕಿನಲ್ಲಿ ಮಾಡಲು ನೆರವಾದರೆ ಸಾಕು, ಕಿಸೆಯಲ್ಲಿನ ಈ ಹೊಸ ಕರಣಿಕನ ಚಾಕರಿ ಸಾರ್ಥಕ.