ಸಣ್ಣ ನಾಯಿಗಳ ಹುಳು, ಉಣ್ಣೆ ಮತ್ತು ಚಿಗಟಗಳ ನಿವಾರಣೆ: ಮಿತವ್ಯಯದ ಕ್ರಮಗಳು

ಹಟ್ಟಿ, ಕಣ ಮತ್ತು ತೋಟದ ಮನೆಗಳ ಕಾವಲಿಗಾಗಿ ಸಣ್ಣ ನಾಯಿಗಳನ್ನು ಸಾಕುವ ಪದ್ಧತಿಯು ಗ್ರಾಮಗಳಲ್ಲಿ ಎಲ್ಲೆಡೆಯೂ ಉಂಟು. ಐದಾರು ಕಿಲೋಗ್ರಾಂ ತೂಗುವ ನಾಯಿಗೆ ಔಷಧವನ್ನು ಕೊಳ್ಳುವುದು ದಂಡದ ವೆಚ್ಚವೆಂದು ಕೆಲವರು ಭಾವಿಸುವರು. ಮತ್ತೆ ಕೆಲವರು ದೊರೆತ ಔಷಧವನ್ನು ಅಳತೆಯಿಲ್ಲದೆ ಪ್ರಯೋಗಿಸಿ ಹಣವನ್ನೂ, ಒಮ್ಮೊಮ್ಮೆ ನಾಯಿಯನ್ನೂ ಕಳೆದುಕೊಳ್ಳುವರು. ಈ ಎರಡು ದಾರಿಗಳೂ ನಷ್ಟಕರವಾದುವು. ನಾಯಿಯ ಹೊಟ್ಟೆಯ ಹುಳುವು ಮನೆಯ ಮಕ್ಕಳಿಗೂ ಹಟ್ಟಿಯ ಕುರಿಗಳಿಗೂ ತಗಲತಕ್ಕುದಾದುದರಿಂದ ಈ ವಿಷಯವನ್ನು ಅಲ್ಪವೆಂದು ಕಡೆಗಣಿಸಲಾಗದು.

ಹುಳುಗಳ ಸ್ವಭಾವ

ದುಂಡುಹುಳುವು ತಾಯಿಯ ಗರ್ಭದಲ್ಲಿರುವಾಗಲೇ ಮರಿಗಳಿಗೆ ಸೇರುವುದು. ಹಾಲಿನ ಮೂಲಕವೂ ಸೇರುವುದು. ಇದರ ಮೊಟ್ಟೆಗಳು ಮಣ್ಣಿನಿಂದ ಮಕ್ಕಳ ಬಾಯನ್ನು ಸೇರಿದರೆ ಮರಿಹುಳುಗಳು ಶರೀರದಲ್ಲಿ ಸಂಚರಿಸಿ ಕೆಲವು ವೇಳೆ ಕಣ್ಣಿಗೂ ಹಾನಿಮಾಡುವುವು. ಕೊಕ್ಕೆಹುಳುವು ಕರುಳಿನಲ್ಲಿ ರಕ್ತವನ್ನು ಹೀರುವುದರಿಂದ ಸಣ್ಣ ಮರಿಗಳು ಬಿಳಿಚಿಕೊಂಡು ಸಾಯುವುವು. ಲಾಡಿಹುಳುಗಳಲ್ಲಿ ಒಂದು ಜಾತಿಯು ಚಿಗಟವನ್ನು ನುಂಗುವುದರಿಂದ ಬರುವುದು. ಆದುದರಿಂದ ಚಿಗಟಗಳನ್ನು ನಾಶಪಡಿಸದೆ ಗುಳಿಗೆಯನ್ನು ಎಷ್ಟು ಸಲ ಕೊಟ್ಟರೂ ಅದು ಮರಳಿ ಬರುವುದು. ಮತ್ತೊಂದು ಜಾತಿಯು ಕುರಿಯ ಹಸಿ ಪಿತ್ತಕೋಶ, ಶ್ವಾಸಕೋಶಗಳನ್ನು ತಿನ್ನುವುದರಿಂದ ಬರುವುದು. ಅದರ ಮೊಟ್ಟೆಗಳು ಕುರಿಗಳಲ್ಲಿಯೂ ಮನುಷ್ಯರಲ್ಲಿಯೂ ನೀರು ತುಂಬಿದ ದೊಡ್ಡ ಗುಳ್ಳೆಗಳನ್ನುಂಟುಮಾಡುವುವು. ಅವನ್ನು ತೆಗೆಯಲು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ತೂಕವರಿತು ಔಷಧ

ಮಿತವ್ಯಯದ ಮೊದಲ ಸಾಧನವು ತಕ್ಕಡಿ. ಮನೆಯವರೊಬ್ಬರು ನಾಯಿಯನ್ನೆತ್ತಿಕೊಂಡು ಕಾಟಾದ ಮೇಲೆ ನಿಂತು, ಬಂದ ತೂಕದಲ್ಲಿ ತಮ್ಮ ತೂಕವನ್ನು ಕಳೆದರೆ ನಾಯಿಯ ತೂಕವು ತಿಳಿಯುವುದು. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಕೂಡಿರುವ ಸಾಮಾನ್ಯವಾದ ಜಂತಿನ ಗುಳಿಗೆಯು 10 ಕಿಲೋಗ್ರಾಂ ತೂಕಕ್ಕೆ ಒಂದರಂತೆ ತಯಾರಾಗಿರುವುದು. 5 ಕಿಲೋಗ್ರಾಂ ತೂಕದ ನಾಯಿಗೆ ಅರ್ಧವೇ ಸಾಕು. ಪ್ರಾಯದ ನಾಯಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟರೆ ವರ್ಷಕ್ಕೆ ಎರಡೇ ಗುಳಿಗೆಗಳು ಖರ್ಚಾಗುವುವು. ಹಸಿ ಮಾಂಸದ ಸಹವಾಸವಿರುವ ಕುರಿಹಟ್ಟಿಯ ನಾಯಿಗೆ ಲಾಡಿಹುಳುವಿನ ಔಷಧವು ಆರು ವಾರಗಳಿಗೊಮ್ಮೆ ಬೇಕಾಗುವುದು. ಮರಿಗಳಿಗೆ ಎರಡನೆಯ ವಾರದಿಂದ ಮೊದಲುಮಾಡಿ, ಹಾಲು ಬಿಡುವವರೆಗೆ ಎರಡು ವಾರಗಳಿಗೊಮ್ಮೆ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಮರಿಗಳಿಗೆ ತಕ್ಕ ಔಷಧವನ್ನು ಕೊಡತಕ್ಕದ್ದು. ತಾಯಿನಾಯಿಗೂ ಜೊತೆಯಲ್ಲಿಯೇ ಕೊಡದಿದ್ದರೆ ಶ್ರಮವು ವ್ಯರ್ಥವಾಗುವುದು.

ಕಾಸಿನ ಖರ್ಚಿಲ್ಲದ ಕ್ರಮಗಳು

1. ನಾಯಿಯ ಮಲವನ್ನು ದಿನವೂ ತೆಗೆದು ಆಳವಾಗಿ ಹೂಳಬೇಕು. ದುಂಡುಹುಳುವಿನ ಮೊಟ್ಟೆಯು ರೋಗ ತಗಲಿಸುವಷ್ಟು ಬಲಿಯಲು ಎರಡು ವಾರಗಳಾದರೂ ಬೇಕು. ಅಷ್ಟರೊಳಗೆ ಅದನ್ನು ಅಂಗಳದಿಂದ ದೂರಮಾಡಬಹುದು.

2. ಕುರಿ ಕೊಯ್ದಾಗ ಹಸಿ ಒಳಾಂಗಗಳನ್ನು ನಾಯಿಗೆ ಎಸೆಯಬಾರದು. ಅವನ್ನು ಸುಡಬೇಕು, ಇಲ್ಲವೆ ನಾಯಿಯು ಕೆದರಲಾರದಷ್ಟು ಆಳಕ್ಕೆ ಹೂಳಬೇಕು.

3. ನಾಯಿ ಮಲಗುವ ಗೋಣಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಚಿಗಟದ ಮೊಟ್ಟೆಗಳು ನಾಯಿಯ ಮೈಯಿಂದ ಉದುರಿ ಅಲ್ಲಿಯೇ ಸೇರಿರುವುವು.

4. ಗೋಡೆಯ ಬಿರುಕುಗಳನ್ನು ಮುಚ್ಚಬೇಕು. ರಕ್ತ ಕುಡಿದ ಹೆಣ್ಣು ಉಣ್ಣೆಯು ನಾಯಿಯಿಂದಿಳಿದು ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದು. ನಾಯಿಯ ಮೈಮೇಲೆ ಕಾಣುವ ಉಣ್ಣೆಗಳಿಗಿಂತ ಮನೆಯಲ್ಲಿ ಅಡಗಿರುವುವೇ ಹೆಚ್ಚು.

5. ಪ್ರತಿ ಸಂಜೆ ಕಿವಿ, ಕುತ್ತಿಗೆ, ಬೆರಳ ಸಂದುಗಳನ್ನು ನೋಡಿ ಉಣ್ಣೆಗಳನ್ನು ಚಿಮಟದಿಂದ ಬುಡದಲ್ಲಿ ಹಿಡಿದು ನೇರವಾಗಿ ಕೀಳಬೇಕು. ಬರಿಯ ಬೆರಳಿನಿಂದ ಹಿಸುಕಬಾರದು.

ಹುಸಿ ಉಳಿತಾಯ

ದನಗಳಿಗೆಂದು ತಂದ ಐವರ್‌ಮೆಕ್ಟಿನ್ ಸೂಜಿಮದ್ದನ್ನು ನಾಯಿಗೂ ಚುಚ್ಚುವುದುಂಟು. ಅದರ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧವಿದ್ದು, 50 ಕಿಲೋಗ್ರಾಂ ತೂಕದ ದನಕ್ಕೆ ಸಾಕಾಗುವುದು. ಹೃದಯದ ಹುಳುವನ್ನು ತಡೆಯಲು 5 ಕಿಲೋಗ್ರಾಂ ನಾಯಿಗೆ ಬೇಕಾದುದು 0.03 ಮಿಲಿಗ್ರಾಂ ಮಾತ್ರ. ಎಂದರೆ ಆ ಮಿಲಿಲೀಟರಿನ ಮುನ್ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಇದನ್ನು ಮನೆಯಲ್ಲಿ ಅಳೆಯುವುದು ಅಸಾಧ್ಯ. ಕೋಲಿ ಮೊದಲಾದ ಕೆಲವು ತಳಿಗಳಿಗಂತೂ ಹೆಚ್ಚಿನ ಪ್ರಮಾಣವು ಪ್ರಾಣಾಂತಿಕವಾದುದು. ಸೀಮೆಎಣ್ಣೆಯು ಚರ್ಮವನ್ನು ಸುಡುವುದು. ಯಂತ್ರದ ಹಳೆಯ ಎಣ್ಣೆಯನ್ನು ನಾಯಿಯು ನೆಕ್ಕಿದರೆ ವಿಷವೇರುವುದು. ಬೆನ್ನಿನ ಮೇಲೆ ಹಾಕುವ ದೊಡ್ಡ ನಾಯಿಯ ಔಷಧವನ್ನೂ, ಉಣ್ಣೆಯ ಗುಳಿಗೆಯನ್ನೂ ಊಹೆಯಿಂದ ಪಾಲುಮಾಡಕೂಡದು. ಪಶುವೈದ್ಯರನ್ನು ಕೇಳಿ, ನಾಯಿಯ ತೂಕಕ್ಕೆ ತಕ್ಕುದನ್ನೇ ಕೊಳ್ಳತಕ್ಕದ್ದು.

ಗ್ರಾಮದ ಮುಖಂಡರ ಕರ್ತವ್ಯ

ಒಂದೇ ಮನೆಯ ನಾಯಿಗೆ ಔಷಧ ಹಾಕಿ ನೆರೆಯ ನಾಯಿಯನ್ನು ಬಿಟ್ಟರೆ ಫಲವು ಅರ್ಧವಾಗುವುದು. ಐಸ್‌ಲೆಂಡ್ ದೇಶದಲ್ಲಿ ನಾಯಿಯ ಲಾಡಿಹುಳುವಿನಿಂದ ಜನರೂ ಕುರಿಗಳೂ ಬಹುವಾಗಿ ಪೀಡಿತರಾಗಿದ್ದರು. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಎಂಬ ವಿದ್ವಾಂಸರು 1863ರಲ್ಲಿ ಅಲ್ಲಿಗೆ ಹೋಗಿ ಪರಿಶೀಲಿಸಿದರು. ಮರುವರ್ಷ ಅವರ ಕಿರುಹೊತ್ತಗೆಯನ್ನು ಜನರಿಗೆ ಉಚಿತವಾಗಿ ಹಂಚಲಾಯಿತು. ಅನಂತರ ಕಾನೂನುಗಳೂ ಆದುವು. ಹಸಿ ಒಳಾಂಗಗಳನ್ನು ನಾಯಿಗೆ ಹಾಕುವ ರೂಢಿಯು ತಪ್ಪಿದಂತೆ, ಈಗಿನ ಗುಳಿಗೆಗಳು ಬರುವುದಕ್ಕೆ ಬಹು ಮೊದಲೇ ಆ ರೋಗವು ಇಳಿಮುಖವಾಗಿ, ಕೊನೆಗೆ ದೇಶದಿಂದಲೇ ತೊಲಗಿತು.

ಊರಿನ ಮುಖಂಡರೂ ಜಮೀನುದಾರರೂ ಮೂರು ತಿಂಗಳಿಗೊಂದು ದಿನವನ್ನು ಗೊತ್ತುಮಾಡಿ, ಪಶುವೈದ್ಯರ ಸಲಹೆ ಪಡೆದು, ಊರಿನ ನಾಯಿಗಳೆಲ್ಲವನ್ನೂ ತೂಗಿಸಿ ಗುಳಿಗೆಗಳನ್ನು ಒಟ್ಟಾಗಿ ತರಿಸಬಹುದು. ಒಬ್ಬರ ನಾಯಿಗೆ ಉಳಿದ ಅರ್ಧವು ಮತ್ತೊಬ್ಬರ ನಾಯಿಗೆ ಒದಗುವುದು. ಇಂತಹ ಏರ್ಪಾಡಿನಿಂದ ಪ್ರತಿ ಮನೆಯ ವೆಚ್ಚವೂ ತಗ್ಗುವುದು, ಮಕ್ಕಳೂ ಮಂದೆಗಳೂ ಸುರಕ್ಷಿತವಾಗಿರುವುವು.