ಹಳ್ಳಿಯ ಮನೆಗೆ ಬದಲಿ ವಿದ್ಯುತ್ತಿನ ಆಯ್ಕೆ

2020ರ ಅಕ್ಟೋಬರ್ 12ರಂದು ಮುಂಬಯಿ ಮಹಾನಗರದಲ್ಲಿ ವಿದ್ಯುತ್ ಪೂರೈಕೆ ಏಕಾಏಕಿ ನಿಂತುಹೋದಾಗ ಲೋಕಲ್ ರೈಲುಗಳು ಹಳಿಗಳ ಮೇಲೆಯೇ ನಿಂತವು; ಕೆಲವು ತಾಸುಗಳ ಆ ವ್ಯತ್ಯಯ ದೇಶವಿಡೀ ಸುದ್ದಿಯಾಯಿತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುಜ್ಜಾಲ ಕುಸಿದು ದೆಹಲಿಯ ಮೆಟ್ರೋ ಸಹ ಸ್ಥಗಿತಗೊಂಡದ್ದನ್ನು ಅಲ್ಲಿನ ಕನ್ನಡಿಗರು ಇಂದಿಗೂ ಮರೆತಿಲ್ಲ. ಆದರೆ ತೀರ್ಥಹಳ್ಳಿ, ಸಿದ್ದಾಪುರ, ಮೂಡಿಗೆರೆಗಳ ಕಡೆಯ ಒಂಟಿಮನೆಯೊಂದರಲ್ಲಿ ಆಷಾಢದ ಗಾಳಿಗೆ ಮರವುರುಳಿ ತಂತಿ ಕಡಿದು ಮೂರು ದಿನ ಕತ್ತಲೆಯಾದರೆ ಅದು ಯಾವ ಪತ್ರಿಕೆಗೂ ಸುದ್ದಿಯಲ್ಲ. ಅಂತಹ ಮನೆಗಳಲ್ಲಿ ಇಂದು ವಾಸಿಸುತ್ತಿರುವವರು ಬಹುಮಟ್ಟಿಗೆ ಎಪ್ಪತ್ತು ದಾಟಿದ ತಂದೆತಾಯಿಗಳು. ಮಕ್ಕಳು ಚೆಂಬೂರಿನಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದಾರೆ.

ಮಳೆಗಾಲಕ್ಕೆ ಮುಂಚೆ ಮಗ ದೂರವಾಣಿಯಲ್ಲಿ ಹೇಳುತ್ತಾನೆ: “ಅಪ್ಪಯ್ಯ, ಹಣ ಕಳಿಸುತ್ತೇನೆ, ಒಂದು ಇನ್ವರ್ಟರ್ ಹಾಕಿಸಿಬಿಡಿ.” ಪೇಟೆಯ ಅಂಗಡಿಯವನು ತನ್ನಲ್ಲಿರುವ ದೊಡ್ಡ ಯಂತ್ರವನ್ನು ತಂದು ಜೋಡಿಸಿ ಹೋಗುತ್ತಾನೆ. ಮೊದಲ ಸಂಜೆ ಮನೆಯೆಲ್ಲ ಬೆಳಗುತ್ತದೆ. ಎರಡನೆಯ ರಾತ್ರಿ ಹತ್ತು ಗಂಟೆಗೆ ಯಂತ್ರ ಕೀರಲು ಧ್ವನಿ ಹೊರಡಿಸಿ ಸುಮ್ಮನಾಗುತ್ತದೆ. ಹಣ ಕೊಟ್ಟವನಿಗೂ ಯಂತ್ರ ಮಾರಿದವನಿಗೂ ಆ ಹೊತ್ತಿನಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ.

ಇನ್ವರ್ಟರ್ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ ಎಂಬ ಸರಳ ಸಂಗತಿಯೇ ಇಲ್ಲಿ ಮರೆತುಹೋಗಿರುತ್ತದೆ. ಅದು ನೀರಿನ ತೊಟ್ಟಿಯಿದ್ದಂತೆ. ತಂತಿಯಲ್ಲಿ ವಿದ್ಯುತ್ತು ಬಂದಾಗ ಬ್ಯಾಟರಿಯನ್ನು ತುಂಬಿಸಿಕೊಳ್ಳುತ್ತದೆ, ಹೋದಾಗ ಖರ್ಚು ಮಾಡುತ್ತದೆ. 150 ಆಂಪಿಯರ್-ಅವರ್‌ನ ಸೀಸ-ಆಮ್ಲ ಬ್ಯಾಟರಿಯೊಂದು ಬರಿದಾದ ಮೇಲೆ ಪೂರ್ತಿ ತುಂಬಲು ಹತ್ತು ಹನ್ನೆರಡು ತಾಸು ಬೇಕು. ಬಯಲುಸೀಮೆಯ ಹಳ್ಳಿಗಳಲ್ಲಿ ಬೇಸಗೆಯ ಲೋಡ್‌ಶೆಡ್ಡಿಂಗ್ ದಿನಕ್ಕೆ ಮೂರು ನಾಲ್ಕು ತಾಸು ಇದ್ದು ಉಳಿದ ಹೊತ್ತು ವಿದ್ಯುತ್ತು ಇದ್ದರೆ, ತೊಟ್ಟಿ ತುಂಬಲು ಸಾಕಷ್ಟು ಸಮಯ ದೊರೆಯುತ್ತದೆ; ಅಲ್ಲಿ ಇನ್ವರ್ಟರ್ ಒಂದೇ ಸಾಕು. ಮಲೆನಾಡಿನ ಮಳೆಗಾಲದ ಸಮಸ್ಯೆಯೇ ಬೇರೆ. ಕಾಡಿನ ನಡುವೆ ಹಾದುಬರುವ 11 ಸಾವಿರ ವೋಲ್ಟಿನ ಮಾರ್ಗ ಎಲ್ಲಿ ಕಡಿದಿದೆಯೆಂದು ಹುಡುಕಲೇ ಲೈನ್‌ಮನ್‌ಗೆ ಒಂದು ದಿನ ಹಿಡಿಯಬಹುದು. ಆದುದರಿಂದ ಊರಿನಲ್ಲಿ ವಿದ್ಯುತ್ತು ಎಷ್ಟು ಸಲ ಹೋಗುತ್ತದೆ ಎನ್ನುವುದಕ್ಕಿಂತ, ಒಮ್ಮೆ ಹೋದರೆ ಅತಿ ಹೆಚ್ಚೆಂದರೆ ಎಷ್ಟು ಕಾಲ ಬರುವುದಿಲ್ಲ ಎನ್ನುವುದನ್ನೇ ಮೊದಲು ಕೇಳಿ ತಿಳಿಯಬೇಕು.

ಎರಡನೆಯ ಪ್ರಶ್ನೆ, ಏನನ್ನು ನಡೆಸಬೇಕು ಎಂಬುದು. ಒಂದು ರಾತ್ರಿಯ ಲೆಕ್ಕವನ್ನು ನೋಡಬಹುದು. 9 ವ್ಯಾಟಿನ ನಾಲ್ಕು ಎಲ್.ಇ.ಡಿ. ದೀಪಗಳು ಐದು ತಾಸು ಉರಿದರೆ 180 ವ್ಯಾಟ್-ಅವರ್. 70 ವ್ಯಾಟಿನ ಹಳೆಯ ಮಾದರಿಯ ಫ್ಯಾನು ಎಂಟು ತಾಸು ತಿರುಗಿದರೆ 560. ಮೊಬೈಲು ಮತ್ತು ಇಂಟರ್‌ನೆಟ್ ಪೆಟ್ಟಿಗೆಗೆ ಸುಮಾರು 120. ಒಟ್ಟು 860. ಬ್ಯಾಟರಿಯ ಕಡೆ ನೋಡಿದರೆ, 12 ವೋಲ್ಟಿನ 150 ಆಂಪಿಯರ್-ಅವರ್ ಎಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್. ಆದರೆ ಸೀಸ-ಆಮ್ಲ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಬಾರದು. ಯಂತ್ರದಲ್ಲಿಯೂ ಸ್ವಲ್ಪ ನಷ್ಟವಾಗುತ್ತದೆ. ಕೈಗೆ ಸಿಗುವುದು ಸುಮಾರು 760. ಲೆಕ್ಕ ತುಸು ಕೊರತೆಯಲ್ಲಿ ಮುಗಿಯಿತು. ಇಂತಹ ಸಂದರ್ಭದಲ್ಲಿ ಅಂಗಡಿಯವನು ಎರಡನೆಯ ಬ್ಯಾಟರಿಯನ್ನು ಸೂಚಿಸುವುದು ವಾಡಿಕೆ. ಅದರ ಬದಲು ಸುಮಾರು 30 ವ್ಯಾಟಿನಲ್ಲಿ ತಿರುಗುವ ಬಿ.ಎಲ್.ಡಿ.ಸಿ. ಫ್ಯಾನನ್ನು ಹಾಕಿಸಿದರೆ ಫ್ಯಾನಿನ ಪಾಲು 240ಕ್ಕೆ ಇಳಿದು, ಒಟ್ಟು ಅಗತ್ಯ 540 ಆಗುತ್ತದೆ. ಬ್ಯಾಟರಿಯ ಬೆಲೆಗಿಂತ ಎಷ್ಟೋ ಕಡಿಮೆ ಬೆಲೆಯಲ್ಲಿ ಕೊರತೆ ನೀಗಿತು.

ಮಿಕ್ಸಿ, ನೀರೆತ್ತುವ ಪಂಪು, ಬಿಸಿನೀರಿನ ಗೀಸರು ಇವುಗಳನ್ನು ಇನ್ವರ್ಟರಿಗೆ ಜೋಡಿಸುವ ಆಸೆಯನ್ನು ಬಿಡುವುದೇ ಲೇಸು. ಪಂಪು, ಫ್ರಿಜ್ಜುಗಳ ಮೋಟಾರು ಆರಂಭವಾಗುವ ಕ್ಷಣದಲ್ಲಿ ತನ್ನ ನಡೆಯುವ ಹೊತ್ತಿನ ಹಲವು ಪಟ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಕೊಳ್ಳುವ ಇನ್ವರ್ಟರ್ ಶುದ್ಧ ಸೈನ್‌ವೇವ್ ಮಾದರಿಯದೇ ಆಗಿರಲಿ. ಅಗ್ಗದ ಚೌಕ ತರಂಗದ ಯಂತ್ರಗಳಲ್ಲಿ ಫ್ಯಾನು ಗುಂಯ್‌ಗುಡುತ್ತದೆ. ಚಿಕಿತ್ಸೆಯ ಉಪಕರಣಗಳಿಗೆ ಅವು ಯೋಗ್ಯವಲ್ಲ.

ಚಿಕಿತ್ಸೆಯ ಉಪಕರಣಗಳ ಮಾತು ಬಂದಾಗ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಶ್ವಾಸಕೋಶದ ದೀರ್ಘ ವ್ಯಾಧಿಯಿರುವ ಹಿರಿಯರು ಮನೆಯಲ್ಲಿಯೇ ಆಮ್ಲಜನಕ ಸಾಂದ್ರಕವನ್ನು ಇಟ್ಟುಕೊಳ್ಳುವುದು 2021ರ ಕೋವಿಡ್ ಅಲೆಯ ಬಳಿಕ ಹಳ್ಳಿಗಳಲ್ಲಿಯೂ ಕಾಣುತ್ತಿದೆ. ನಿಮಿಷಕ್ಕೆ 5 ಲೀಟರ್ ಕೊಡುವ ಇಂತಹ ಯಂತ್ರಕ್ಕೆ ಸುಮಾರು 350 ವ್ಯಾಟ್ ಬೇಕು. ಮೇಲೆ ಹೇಳಿದ ಬ್ಯಾಟರಿಯ 760 ವ್ಯಾಟ್-ಅವರ್ ಇದಕ್ಕೆ ಎರಡು ತಾಸು ಸಾಲುತ್ತದೆ, ಅಷ್ಟೇ. ಬ್ಯಾಟರಿಗಳನ್ನು ಪೇರಿಸುತ್ತ ಹೋಗುವುದಕ್ಕಿಂತ ವಿದ್ಯುತ್ತೇ ಬೇಡದ ಸಿಲಿಂಡರನ್ನು ಜೊತೆಗಿರಿಸುವುದು ಯುಕ್ತ. ‘ಬಿ’ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕವಿದ್ದು, ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ತಾಸು ನಡೆಯುತ್ತದೆ. ‘ಡಿ’ ಮಾದರಿಯದು ಸುಮಾರು 7000 ಲೀಟರಿನದು. ಎರಡು ದಿನಕ್ಕೂ ಮಿಕ್ಕಿ ಬರುತ್ತದೆ. ಎಷ್ಟು ಪ್ರಮಾಣ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಕತ್ತಲಾಯಿತೆಂದು ಆಮ್ಲಜನಕದ ಕೊಳವೆಯ ಸಮೀಪ ಮೇಣದಬತ್ತಿಯನ್ನೋ ಚಿಮಣಿ ದೀಪವನ್ನೋ ಹಚ್ಚುವುದು ಮಾತ್ರ ಬೆಂಕಿಗೆ ಆಹ್ವಾನ. ಅಂತಹ ಕೋಣೆಯಲ್ಲಿ ಬ್ಯಾಟರಿಯ ದೀಪವೊಂದೇ ಇರತಕ್ಕದ್ದು.

ಮಧುಮೇಹಿಗಳ ಇನ್ಸುಲಿನ್ನಿಗಾಗಿ ಫ್ರಿಜ್ಜನ್ನು ಹಗಲಿರುಳು ನಡೆಸಬೇಕೆಂಬ ಆತಂಕ ಅನೇಕರಲ್ಲಿದೆ. ಬಾಯಿ ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕೆಂಬುದು ನಿಜ. ಆದರೆ ಬಳಕೆಯಲ್ಲಿರುವ ಸೀಸೆ 25ರಿಂದ 30 ಡಿಗ್ರಿ ಮೀರದ ತಂಪಿನಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಖಚಿತವಾದ ಅವಧಿ ಪೊಟ್ಟಣದ ಮೇಲೆಯೇ ಇರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಮನೆಯ ಗಾಳಿಯೇ ಬಹುವಾಗಿ ಅಷ್ಟು ತಂಪಾಗಿರುತ್ತದೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಹಾಗಲ್ಲ. ಅಲ್ಲಿ ಒದ್ದೆ ಮರಳಿನ ನಡುವೆ ಮಣ್ಣಿನ ಕುಡಿಕೆಯನ್ನಿಟ್ಟು, ಅದರೊಳಗೆ ನೀರು ಸೋಕದಂತೆ ಸೀಸೆಯನ್ನಿಡುವ ಹಳೆಯ ಉಪಾಯ ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಇದೇ ಕುಡಿಕೆ ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಾಗಿ ತಂಪಾಗದು. ಫ್ರಿಜ್ಜಿನ ಬಾಗಿಲನ್ನು ತೆಗೆಯದೆ ಇದ್ದರೆ ನಾಲ್ಕು ತಾಸಿನವರೆಗೆ ಒಳಗಿನ ತಂಪು ಉಳಿಯುತ್ತದೆ. ಗಾಬರಿಯಿಂದ ಇನ್ಸುಲಿನ್ನನ್ನು ಬರ್ಫದೊಳಗೆ ಹುದುಗಿಸುವವರಿದ್ದಾರೆ. ಹೆಪ್ಪುಗಟ್ಟಿದ ಇನ್ಸುಲಿನ್ ನಿಷ್ಪ್ರಯೋಜಕವಾದುದರಿಂದ ಅದನ್ನು ಎಸೆಯಲೇಬೇಕಾಗುತ್ತದೆ.

ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿದವರು ತಮಗೆ ಇನ್ನು ಕತ್ತಲೆಯ ಭಯವಿಲ್ಲವೆಂದು ತಿಳಿಯುವುದುಂಟು. 2024ರಲ್ಲಿ ಆರಂಭವಾದ ಕೇಂದ್ರ ಸರಕಾರದ ಸೂರ್ಯಘರ್ ಯೋಜನೆಯ ಸಹಾಯಧನದಿಂದ ಇಂತಹ ಫಲಕಗಳು ಹೆಚ್ಚುತ್ತಿವೆ. ಇವುಗಳಲ್ಲಿ ಬಹುಪಾಲು ವಿದ್ಯುಜ್ಜಾಲಕ್ಕೆ ಜೋಡಿಸಿದವು. ಜಾಲದಲ್ಲಿ ವಿದ್ಯುತ್ತು ನಿಂತೊಡನೆ, ನೆತ್ತಿಯ ಮೇಲೆ ಸೂರ್ಯನಿದ್ದರೂ, ತಾವೂ ನಿಲ್ಲುವಂತೆ ಅವನ್ನು ರಚಿಸಲಾಗಿದೆ. ತಂತಿ ದುರಸ್ತಿಗೆ ಕಂಬ ಹತ್ತಿದ ಕೆಲಸಗಾರನ ಪ್ರಾಣರಕ್ಷಣೆಗಾಗಿ ಇರುವ ಏರ್ಪಾಡು ಇದು. ಕತ್ತಲೆಯಲ್ಲಿಯೂ ಉಪಯೋಗಕ್ಕೆ ಬರಬೇಕಾದರೆ ಬ್ಯಾಟರಿಯಿರುವ ಹೈಬ್ರಿಡ್ ಮಾದರಿಯ ಇನ್ವರ್ಟರ್ ಅಗತ್ಯ. ಒಳ್ಳೆಯ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಫಲಕ ದಿನಕ್ಕೆ ನಾಲ್ಕು ಯೂನಿಟ್‌ನಷ್ಟು ಕೊಟ್ಟರೆ, ಮಲೆನಾಡಿನ ಕಾರ್ಮೋಡದ ದಿನಗಳಲ್ಲಿ ಅದು ಕಾಲುಭಾಗಕ್ಕೂ ಕೆಳಗಿಳಿಯಬಹುದು. ಅಡಕೆ ತೋಟದ ನೆರಳು ಬಿದ್ದರಂತೂ ಹೇಳುವುದೇ ಬೇಡ. ಬಯಲುಸೀಮೆಗೆ ಸೌರಶಕ್ತಿ ವರವೇ ಸರಿ. ಆಗುಂಬೆಯ ಆಷಾಢಕ್ಕೆ ಅದೊಂದನ್ನೇ ನಂಬಲಾಗದು.

ಹಾಗೆ ನೋಡಿದರೆ ಪ್ರಕೃತಿ ಮಲೆನಾಡಿಗೆ ಬೇರೊಂದು ದಾರಿಯನ್ನು ಕೊಟ್ಟಿದೆ. ವಿದ್ಯುತ್ತು ಹೋಗುವ ತಿಂಗಳುಗಳಲ್ಲಿಯೇ ಮನೆಯ ಹಿಂದಿನ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಪಶ್ಚಿಮ ಘಟ್ಟದ ಅನೇಕ ಮನೆಗಳಲ್ಲಿ ಗುಡ್ಡದ ನೀರನ್ನು ಕೊಳವೆಯಲ್ಲಿ ಇಳಿಸಿ ತಿರುಗಿಸುವ ಕಿರು ಜಲವಿದ್ಯುತ್ ಯಂತ್ರಗಳಿವೆ. 10 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಬಿದ್ದರೆ, ಅರ್ಧದಷ್ಟು ಪೋಲಾದರೂ 490 ವ್ಯಾಟ್ ಸಿಗುತ್ತದೆ. ಸಣ್ಣ ಅಂಕಿಯೆಂದು ತೋರಬಹುದು. ಆದರೆ ಅದು ಹಗಲು ರಾತ್ರಿ ಎಡೆಬಿಡದೆ ಬರುವುದರಿಂದ ದಿನಕ್ಕೆ ಹನ್ನೊಂದು ಯೂನಿಟ್‌ಗೂ ಹೆಚ್ಚಾಗುತ್ತದೆ. ಆಮ್ಲಜನಕ ಸಾಂದ್ರಕವನ್ನು ದಿನವಿಡೀ ನಡೆಸಿಯೂ ದೀಪಗಳಿಗೆ ಮಿಗುತ್ತದೆ. ಬಳಕೆಯಾಗದೆ ಉಳಿದ ವಿದ್ಯುತ್ತನ್ನು ನೀರು ಕಾಯಿಸುವ ಸುರುಳಿಗೆ ಹರಿಸುವುದು ವಾಡಿಕೆಯಾದುದರಿಂದ ಬಚ್ಚಲಿಗೆ ಬಿಸಿನೀರೂ ದೊರೆತಂತಾಯಿತು. ಬೇಸಗೆಯಲ್ಲಿ ಹಳ್ಳ ಬತ್ತುತ್ತದೆ, ಕೊಳವೆಯ ಬಾಯಿಗೆ ತರಗೆಲೆ ಸಿಕ್ಕಿಕೊಳ್ಳುತ್ತದೆ, ಅದನ್ನು ತೆಗೆಯಲು ಮಳೆಯಲ್ಲಿ ಯಾರಾದರೂ ಹೋಗಬೇಕು. ಮುದುಕರಿಬ್ಬರೇ ಇರುವ ಮನೆಗೆ ಇದು ಆಳಿನ ಸಹಾಯವಿದ್ದಲ್ಲಿ ಮಾತ್ರ ತಕ್ಕದ್ದು.

ಹಳ್ಳವಿಲ್ಲದ ಮಲೆನಾಡಿನ ಮನೆಗೆ ಉಳಿದಿರುವುದು ಸಣ್ಣ ಇನ್ವರ್ಟರ್ ಮತ್ತು ಸಣ್ಣ ಪೆಟ್ರೋಲ್ ಜನರೇಟರ್ ಇವೆರಡರ ಜೋಡಿ. ಹಗಲಿನಲ್ಲಿ ಮೂರು ತಾಸು ಜನರೇಟರ್ ನಡೆಸಿ ಮೇಲಿನ ತೊಟ್ಟಿಗೆ ನೀರು ಏರಿಸಿ, ಅದೇ ಹೊತ್ತಿನಲ್ಲಿ ಬ್ಯಾಟರಿಯನ್ನೂ ತುಂಬಿಸಿಕೊಂಡರೆ, ಫ್ಯಾನು ಬೇಡದ ಮಳೆಗಾಲದ ರಾತ್ರಿಯ ದೀಪಕ್ಕೆ ಧಾರಾಳವಾಗಿ ಸಾಕು. ರಾತ್ರಿಯಿಡೀ ಜನರೇಟರ್ ಗುಡುಗುಡಿಸುವ ಪ್ರಮೇಯವೇ ಬಾರದು. ಕೊಳ್ಳುವಾಗ ಹಗ್ಗ ಎಳೆದು ಚಾಲನೆ ಮಾಡುವ ಯಂತ್ರವನ್ನು ಬಿಟ್ಟು ಗುಂಡಿ ಒತ್ತಿದರೆ ಹೊರಡುವುದನ್ನೇ ಆರಿಸಬೇಕು. ಹೃದಯದ ತೊಂದರೆಯೋ ಹರ್ನಿಯಾವೋ ಇರುವ ಎಪ್ಪತ್ತರ ಹಿರಿಯರು ಆ ಹಗ್ಗವನ್ನು ಎಳೆಯಲಾಗದು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲು ಅಂಟುಗಟ್ಟುವುದರಿಂದ ತಿಂಗಳಿಗೊಮ್ಮೆ ಹತ್ತು ನಿಮಿಷ ಯಂತ್ರವನ್ನು ನಡೆಸುವುದು ಒಳಿತು.

ಜನರೇಟರಿನಿಂದ ಎರಡು ಬಗೆಯಲ್ಲಿ ಪ್ರಾಣಹಾನಿಯಾಗುತ್ತದೆ. ಮೊದಲನೆಯದು ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದಾಗ ಹಿರಿಯರು ಪಿತ್ತವೆಂದುಕೊಂಡು ಮಲಗಿಬಿಡುತ್ತಾರೆ, ಮಲಗಿದವರು ಏಳುವುದಿಲ್ಲ. ಮಳೆ ಬೀಳುತ್ತದೆಂದು ಯಂತ್ರವನ್ನು ಜಗಲಿಗೋ ಒಳಗಿನ ಕೊಟ್ಟಿಗೆಗೋ ತಂದಿಡುವುದೇ ಈ ಸಾವಿಗೆ ಕಾರಣ. ಮನೆಯಿಂದ ಕನಿಷ್ಠ ಇಪ್ಪತ್ತು ಅಡಿ ದೂರದಲ್ಲಿ, ಹೊಗೆ ಕಿಟಕಿಯ ಕಡೆಗೆ ಬಾರದಂತೆ, ಸುತ್ತ ಗೋಡೆಯಿಲ್ಲದ ಬರಿಯ ತಗಡಿನ ಮಾಡಿನ ಕೆಳಗೆ ಅದನ್ನು ಇರಿಸಬೇಕು. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವವರಿಗೂ ಇದೇ ಅಪಾಯವಿದೆ.

ಎರಡನೆಯದರಲ್ಲಿ ಸಾಯುವವನು ಮನೆಯವನಲ್ಲ. ಜನರೇಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಮನೆಗೆಲ್ಲ ವಿದ್ಯುತ್ತು ಕೊಡುವ ‘ಜಾಣತನ’ ಅಲ್ಲಲ್ಲಿ ಕಂಡುಬರುತ್ತದೆ. ಆ ವಿದ್ಯುತ್ತು ಮೀಟರಿನ ಮೂಲಕ ಹಿಂದಕ್ಕೆ ಹರಿದು, ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಮಾರ್ಗ ಸತ್ತಿದೆಯೆಂದು ನಂಬಿ ಕಂಬವೇರಿದ ಲೈನ್‌ಮನ್‌ನನ್ನು ಕೊಲ್ಲಬಲ್ಲದು. ಚೇಂಜ್‌ಓವರ್ ಸ್ವಿಚ್ಚು ಅಲ್ಪ ವೆಚ್ಚದ್ದು. ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರನಿಂದ ಅದನ್ನು ಹಾಕಿಸದೆ ಜನರೇಟರನ್ನು ಮನೆಯ ತಂತಿಗೆ ಮುಟ್ಟಿಸಬಾರದು.

ಬ್ಯಾಟರಿಯ ಸ್ಥಾನದ ವಿಷಯದಲ್ಲಿಯೂ ಒಂದು ಮಾತು. ತುಂಬುವಾಗ ಸೀಸ-ಆಮ್ಲ ಬ್ಯಾಟರಿ ಜಲಜನಕವನ್ನು ಹೊರಬಿಡುತ್ತದೆ. ಕಿಡಿ ತಗಲಿದರೆ ಸ್ಫೋಟಿಸುವ ಅನಿಲವದು. ಖಾಲಿ ಮೂಲೆಯಿದೆಯೆಂದು ಅದನ್ನು ದೇವರ ಕೋಣೆಯಲ್ಲಿ, ಉರಿಯುವ ನಂದಾದೀಪದ ಪಕ್ಕದಲ್ಲಿ ಇರಿಸಿರುವ ಮನೆಗಳಿವೆ. ಗಾಳಿಯಾಡುವ ಪಡಸಾಲೆಯ ಬದಿ ಉತ್ತಮ. ಎರಡು ಮೂರು ತಿಂಗಳಿಗೊಮ್ಮೆ ಬಟ್ಟಿ ಇಳಿಸಿದ ನೀರಿನ ಮಟ್ಟವನ್ನು ನೋಡಬೇಕಾಗುತ್ತದೆ. ಬಾಗಲಾಗದ, ಕಣ್ಣು ಮಂಜಾದ ಹಿರಿಯರಿಂದ ಈ ಆಮ್ಲದ ಕೆಲಸ ಮಾಡಿಸಕೂಡದು. ಅದಕ್ಕೆ ಜನವಿಲ್ಲದಿದ್ದರೆ, ಬೆಲೆ ಹೆಚ್ಚಾದರೂ ನೀರು ಬೇಡದ, ಮುಕ್ಕಾಲು ಪಾಲಿಗೂ ಮಿಕ್ಕಿ ಬಳಸಿಕೊಳ್ಳಬಹುದಾದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಸೂಕ್ತ.

ಇಷ್ಟೆಲ್ಲ ಯಂತ್ರಗಳ ನಡುವೆಯೂ ಹಿರಿಯರು ಕತ್ತಲೆಯಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದು ಹಾಸಿಗೆಯಿಂದ ಬಚ್ಚಲಿಗೆ ಹೋಗುವ ಹತ್ತಡಿ ದಾರಿಯಲ್ಲಿ. ವಿದ್ಯುತ್ತು ಹೋದೊಡನೆ ತಾನಾಗಿ ಹತ್ತಿಕೊಳ್ಳುವ, ಒಳಗೇ ಬ್ಯಾಟರಿಯಿರುವ ಎಲ್.ಇ.ಡಿ. ಬಲ್ಬು ಕೆಲವೇ ನೂರು ರೂಪಾಯಿಯದು. ಆ ದಾರಿಯಲ್ಲಿ ಎರಡನ್ನು ಹಾಕಿಸಿ, ದಿಂಬಿನ ಬಳಿ ಟಾರ್ಚೊಂದನ್ನು ಇಡಬೇಕು.

ರಜೆಗೆಂದು ಮಕ್ಕಳು ಊರಿಗೆ ಹೋಗುವುದು ಹೆಚ್ಚಾಗಿ ಮೇ ತಿಂಗಳಲ್ಲಿ. ಅಂತಹದೊಂದು ಸಂಜೆ ಮೇನ್ ಸ್ವಿಚ್ಚನ್ನು ಆರಿಸಿ, ಬೆಳಗಿನವರೆಗೆ ಹಾಗೆಯೇ ಇದ್ದು ನೋಡಬಹುದು. ಯಾವ ದೀಪ ಎಷ್ಟು ಗಂಟೆಗೆ ಆರಿತು, ಜನರೇಟರಿನ ಗುಂಡಿ ತಾಯಿಯ ಕೈಗೆ ಎಟುಕಿತೇ, ಸಿಲಿಂಡರಿನ ಕೀಲಿಯನ್ನು ತಂದೆಯವರು ತಾವೇ ತಿರುಗಿಸಬಲ್ಲರೇ ಎಂಬುದೆಲ್ಲ ಆ ಒಂದು ರಾತ್ರಿಯಲ್ಲಿ ತಿಳಿಯುತ್ತದೆ. ಸರಿಪಡಿಸಲು ಮುಂಗಾರಿಗೆ ಇನ್ನೂ ಕೆಲವು ದಿನಗಳಿರುತ್ತವೆ.